ಶಿರಸಿಯ ಮಳೆಗಾಲದಲ್ಲಿ ಹಲಸಿನ ಗಿಟಾರ್

ನಾನು ಕಟ್ಟಿದ ಒಂಬತ್ತನೆಯ ಗಿಟಾರ್ ಧಾರವಾಡದಲ್ಲಿ ಮೂರನೆಯ ಬೇಸಿಗೆಯನ್ನೂ ದಾಟಿತು. ಮೇಲ್ಹಲಗೆ ಸೀಳಿಲ್ಲ, ತಂತಿಗಳನ್ನು ಹಿಡಿದಿಡುವ ಬ್ರಿಡ್ಜ್ ಎದ್ದಿಲ್ಲ, ಕುತ್ತಿಗೆಯ ಹನ್ನೆರಡನೆಯ ಅಡ್ಡಪಟ್ಟಿಯ (ಫ್ರೆಟ್) ಮೇಲೆ ತಂತಿಯ ಎತ್ತರ ಕೊಡುವಾಗ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಇದೆ. ಅದರ ಬ್ರೇಸ್‌ಗಳನ್ನು, ಅಂದರೆ ಹಲಗೆಯ ಒಳಮೈಗೆ ಬಲ ಕೊಡುವ ಮರದ ಪಟ್ಟಿಗಳನ್ನು, ಅಂಟಿಸಿದ್ದು ಜುಲೈ ತಿಂಗಳಲ್ಲಿ, ಶಿರಸಿಯ ನಮ್ಮ ಮನೆಯಲ್ಲಿ, ಹೆಂಚಿನ ಮೇಲೆ ಮಳೆ ಒಂದೇ ಸಮನೆ ಸುರಿಯುತ್ತಿರುವಾಗ. ಹಿಂಬದಿ ಮತ್ತು ಪಕ್ಕೆಗಳು ನಮ್ಮದೇ ಬೆಟ್ಟದ ಹಲಸಿನವು. ಇವೆರಡೂ ಆಗದ ಕೆಲಸ ಎಂದು ಹೇಳಿದವರು ಒಬ್ಬಿಬ್ಬರಲ್ಲ. ಅದಕ್ಕೇ ಹೇಗಾಯಿತು ಎಂಬುದನ್ನು ಬರೆಯುತ್ತಿದ್ದೇನೆ. ಬ್ರೇಸ್ ಕೆತ್ತುವುದು, ಫ್ರೆಟ್ ಕೂರಿಸುವುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವುದೇ. ನಾನು ಹೇಳುವುದು ತೇವದ ಮಾತು, ಮತ್ತು ಹಣದ ಮಾತು.

ಮೊದಲ ಗಿಟಾರ್ ಕಟ್ಟಿದ್ದು 2016ರ ಆಗಸ್ಟಿನಲ್ಲಿ. ಹಳೆಯ ಕೊಟ್ಟಿಗೆಯ ಅರ್ಧ ಭಾಗಕ್ಕೆ ಸಿಮೆಂಟ್ ಹಾಕಿಸಿ ಕಾರ್ಯಾಗಾರ ಮಾಡಿಕೊಂಡಿದ್ದೆ. ಅಡಿಕೆ ತೋಟದ ಕೆಲಸ ಮಳೆಗಾಲದಲ್ಲಿ ಕಡಿಮೆ, ಹಾಗಾಗಿ ಕೈಗೆ ಬಿಡುವು ಸಿಗುವುದು ಆಗಲೇ. ಹೊರದೇಶದಿಂದ ತರಿಸಿದ ಸ್ಪ್ರೂಸ್ ಎಂಬ ಮರದ ಮೇಲ್ಹಲಗೆಗೆ ಸುಂಕ ಸೇರಿ ಏಳು ಸಾವಿರದಷ್ಟು ತೆತ್ತಿದ್ದೆ. ಗಿಟಾರ್ ಚೆನ್ನಾಗಿಯೇ ನುಡಿಯಿತು. ಧಾರವಾಡದಲ್ಲಿ ಓದುತ್ತಿದ್ದ ನೆಂಟರ ಹುಡುಗನೊಬ್ಬ ಹದಿನಾಲ್ಕು ಸಾವಿರ ಕೊಟ್ಟು ಒಯ್ದ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಫೋನ್ ಬಂತು: "ಅಣ್ಣಾ, ಯಾರೂ ಮುಟ್ಟಲಿಲ್ಲ. ಗೋಡೆಗೆ ಒರಗಿಸಿಟ್ಟಿದ್ದೆ. ಟಪ್ಪೆಂದು ಸದ್ದಾಯಿತು." ಬ್ರಿಡ್ಜಿನ ಪಕ್ಕದಿಂದ ಕೆಳಗಿನ ಅಂಚಿನವರೆಗೆ ಒಂದು ಗೇಣು ಉದ್ದದ ಸೀಳು. ಬೆಳಕಿಗೆ ಹಿಡಿದರೆ ಆಚೆಯಿಂದ ಕೂದಲೆಳೆಯಷ್ಟು ಹೊಳಪು ಕಾಣುತ್ತಿತ್ತು. ಹುಡುಗನ ಹಣ ವಾಪಸು ಕೊಟ್ಟು ಗಿಟಾರನ್ನು ಮನೆಗೆ ತಂದೆ.

ಕಾರಣ ನಿಮಗೆ ತಿಳಿಯದ್ದಲ್ಲ. ನೀರು ಕುಡಿದು ಉಬ್ಬಿದ ಹಲಗೆಗೆ ಅಡ್ಡಲಾಗಿ ಬ್ರೇಸ್ ಅಂಟಿಸಿದರೆ, ಬೇಸಿಗೆಯಲ್ಲಿ ಹಲಗೆ ಕುಗ್ಗಲು ಹೊರಟಾಗ ಬ್ರೇಸ್ ಬಿಡುವುದಿಲ್ಲ. ಆದರೆ ಎಷ್ಟು ಕುಗ್ಗುತ್ತದೆ ಎಂಬುದು ಕಣ್ಣಾರೆ ಕಂಡ ಮೇಲೆ ನನ್ನ ಎದೆ ಝಲ್ಲೆಂದಿತು. ಉಳಿದ ಸ್ಪ್ರೂಸ್ ತುಂಡೊಂದನ್ನು ಆಗಸ್ಟಿನಲ್ಲಿ ಅಳೆದು ಗುರುತು ಹಾಕಿಟ್ಟಿದ್ದೆ. ಧಾರವಾಡಕ್ಕೆ ಕಳಿಸಿ ಏಪ್ರಿಲಿನಲ್ಲಿ ಅಳೆಸಿದರೆ ಒಂದು ಗೇಣು ಅಗಲಕ್ಕೆ ಹತ್ತಿರ ಹತ್ತಿರ ಮೂರು ಮಿಲಿಮೀಟರ್ ಕಡಿಮೆ. ಗಿಟಾರಿನ ಕೆಳ ಅಗಲ ಇದರ ದುಪ್ಪಟ್ಟು. ಐದಾರು ಮಿಲಿಮೀಟರ್ ಎಲ್ಲಿಗೆ ಹೋಗಬೇಕು?

ಬೆಂಗಳೂರಿನ ಹಿರಿಯ ಕಸುಬುದಾರರೊಬ್ಬರನ್ನು ಕೇಳಿದೆ. ತುಂಬ ಗೌರವದ ಮನುಷ್ಯ, ಕೈ ಬಹಳ ಚೊಕ್ಕ. "ನೀವು ಜನವರಿಯಿಂದ ಮಾರ್ಚ್‌ವರೆಗೆ ಮಾತ್ರ ಕಟ್ಟಿ. ಮಲೆನಾಡಿನ ಮಳೆಯಲ್ಲಿ ಕಟ್ಟಿದ್ದು ಬಯಲುಸೀಮೆಯಲ್ಲಿ ಬದುಕುವುದಿಲ್ಲ" ಎಂದರು. ಆದರೆ ಜನವರಿಯಿಂದ ಮಾರ್ಚ್‌ವರೆಗೆ ನಮಗೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ತೋಟ ಬಿಟ್ಟು ಗಿಟಾರ್ ಕಟ್ಟಲು ನನ್ನಿಂದಾಗದು. ಕಟ್ಟುವುದಾದರೆ ಮಳೆಗಾಲದಲ್ಲೇ ಕಟ್ಟಬೇಕು.

ಎರಡನೆಯ ಪ್ರಯತ್ನ ಬಚ್ಚಲ ಒಲೆಯ ಮೇಲಿನ ಅಟ್ಟದ್ದು. ಅಡಿಕೆ ಒಣಗಿಸಿದ ಅಟ್ಟ ಹಲಗೆ ಒಣಗಿಸಲಾರದೇ ಎಂದು ನನ್ನ ಯೋಚನೆ. ಹಲಗೆ ಒಣಗಿತು, ಹೊಗೆಗೆ ಸ್ವಲ್ಪ ಕಂದಿತು, ಅದಿರಲಿ. ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಅಟ್ಟದಿಂದ ಇಳಿಸಿ ಕಾರ್ಯಾಗಾರದಲ್ಲಿ ಬ್ರೇಸ್ ಅಂಟಿಸಿ, ರಾತ್ರಿಯಿಡೀ ಕ್ಲಾಂಪಿನಲ್ಲಿ ಬಿಟ್ಟೆ. ಬೆಳಿಗ್ಗೆ ಕ್ಲಾಂಪ್ ತೆಗೆದರೆ ಹಲಗೆ ಸುಟ್ಟ ಹಪ್ಪಳದಂತೆ ಸೊಟ್ಟಗಾಗಿತ್ತು. ಒಣಗಿದ ಹಲಗೆ ಒಂದು ರಾತ್ರಿಯಲ್ಲಿ ಕೋಣೆಯ ತೇವವನ್ನೆಲ್ಲ ಹೀರಿಕೊಂಡಿತ್ತು. ಹೀಗೆ ಎರಡು ಸ್ಪ್ರೂಸ್ ಹಲಗೆ ಹಾಳಾದವು, ಹದಿನೈದು ಸಾವಿರ ಹೋಯಿತು. ಅಪ್ಪಯ್ಯ ಒಂದು ಮಾತೂ ಆಡಲಿಲ್ಲ. ಆ ಮೌನವೇ ನನಗೆ ಭಾರವಾಗಿತ್ತು.

ಮೂರನೆಯ ವರ್ಷದ ತಪ್ಪು ತೇವ ಅಳೆಯುವ ಯಂತ್ರದ್ದು. ಮುನ್ನೂರೈವತ್ತು ರೂಪಾಯಿಯ ಪುಟ್ಟ ಡಬ್ಬಿ, ಗಾಳಿಯ ತೇವ ಶೇಕಡಾ 48 ಎಂದು ತೋರಿಸಿದ್ದನ್ನು ನಂಬಿ ಇಡೀ ಗಿಟಾರ್ ಕಟ್ಟಿದೆ. ಆ ಬೇಸಿಗೆಯಲ್ಲಿ ಅದರ ಮೇಲ್ಹಲಗೆ ಗುಳಿ ಬಿತ್ತು. ಆಮೇಲೆ ಅಡುಗೆ ಉಪ್ಪನ್ನು ಒಂದಿಷ್ಟು ನೀರಿನಲ್ಲಿ ಕೆಸರಿನಂತೆ ಕಲಸಿ, ಯಂತ್ರದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಂದು ದಿನ ಇಟ್ಟೆ. ಶೇಕಡಾ 75 ತೋರಿಸಬೇಕಾದದ್ದು 62 ತೋರಿಸಿತು. ಹದಿಮೂರು ಅಂಕ ಕಡಿಮೆ. ಈಗ ನನ್ನ ಬಳಿ ಮೂರು ಯಂತ್ರಗಳಿವೆ, ಪ್ರತಿ ಜೂನ್ ಮೊದಲ ವಾರ ಮೂರಕ್ಕೂ ಉಪ್ಪಿನ ಪರೀಕ್ಷೆ ಆಗುತ್ತದೆ.

ಕೊನೆಗೆ ಫಲಿಸಿದ್ದು ಕಪಾಟು. ಹಲಗೆ ಒಣಗುವ ಜಾಗವೂ ಅಂಟಿಸುವ ಜಾಗವೂ ಒಂದೇ ಆಗಬೇಕು, ಅಂಟು ಹಿಡಿಯುವವರೆಗೆ ಹಲಗೆ ಹೊರಗೆ ಬರಲೇಬಾರದು ಎಂಬುದಷ್ಟೇ ನನ್ನ ಲೆಕ್ಕ. ಪ್ಲೈವುಡ್ಡಿನಲ್ಲಿ ನಾಲ್ಕಡಿ ಎತ್ತರ, ಮೂರಡಿ ಅಗಲದ ಕಪಾಟು ಮಾಡಿದೆ. ಕೆಳಗೆ ಹಳೆಯ ಕಾಲದ ಅರವತ್ತು ವಾಟಿನ ಎರಡು ಬಲ್ಬ್, ಕಂಪ್ಯೂಟರಿನಿಂದ ಬಿಚ್ಚಿದ ಒಂದು ಫ್ಯಾನ್, ಉಷ್ಣತೆ ನೋಡಿ ಬಲ್ಬ್ ಆರಿಸುವ ಒಂದು ಸ್ವಿಚ್ಚು. ಜುಲೈನಲ್ಲಿ ಹೊರಗೆ 25 ಡಿಗ್ರಿ, ತೇವ ತೊಂಬತ್ತರ ಸುಮಾರು. ಅದೇ ಗಾಳಿಯನ್ನು 36-37 ಡಿಗ್ರಿಗೆ ಕಾಯಿಸಿದರೆ ಸಾಕು, ತೇವ 46-48ಕ್ಕೆ ಇಳಿಯುತ್ತದೆ. ನೀರು ಹೀರುವ ದುಬಾರಿ ಯಂತ್ರ ಬೇಕಿಲ್ಲ. ಒಟ್ಟು ಖರ್ಚು ನಾಲ್ಕು ಸಾವಿರದ ಮೇಲೆ ಸ್ವಲ್ಪ. ವಿದ್ಯುತ್ ದಿನಕ್ಕೆ ಒಂದೂವರೆ ಯೂನಿಟ್ ಇರಬಹುದು.

ಇನ್ನು ಬ್ರೇಸ್‌ಗಳನ್ನು ಅದುಮಿ ಹಿಡಿಯುವುದು. ಕಪಾಟಿನ ನಡುವೆ ಒಂದು ಗಟ್ಟಿ ಹಲಗೆ, ಅದರ ಮೇಲೆ ಎರಡಡಿ ಎತ್ತರದಲ್ಲಿ ಇನ್ನೊಂದು. ಎರಡರ ನಡುವೆ ಬಾಗಿದ ಕಡ್ಡಿಗಳು ಒತ್ತಿ ನಿಲ್ಲಬೇಕು. ಹೊರದೇಶದವರು ಇದಕ್ಕೆ ಫೈಬರ್ ಕಡ್ಡಿ ಬಳಸುತ್ತಾರೆ. ನಾನು ಅಡಿಕೆ ದಬ್ಬೆ ಬಳಸಿದೆ. ಬಿದ್ದ ಹಳೆಯ ಅಡಿಕೆ ಮರದ ಹೊರಗಿನ ಕಪ್ಪು ಭಾಗವನ್ನು ಸೀಳಿ, ಎಂಟು ಮಿಲಿಮೀಟರ್ ದಪ್ಪಕ್ಕೆ ಕೀಸಿ, ನಡುವಿನ ಜಾಗಕ್ಕಿಂತ ಒಂದು ಇಂಚು ಉದ್ದ ಬಿಟ್ಟು ಕತ್ತರಿಸಿದ್ದು. ಇಂಥ ಮೂವತ್ತು ದಬ್ಬೆಗಳಿವೆ. ಒಂದೊಂದನ್ನೂ ಬೆರಳಿನಿಂದ ಬಾಗಿಸಿ ಬ್ರೇಸಿನ ಬೆನ್ನ ಮೇಲೆ ಬಿಟ್ಟರೆ ಬಿಲ್ಲಿನಂತೆ ಬಿಗಿದು ನಿಲ್ಲುತ್ತದೆ. ಐದು ವರ್ಷವಾಯಿತು, ಮುರಿದದ್ದು ಎರಡೇ. ದಬ್ಬೆಯನ್ನು ಸೀಳಿದ ಮೇಲೆ ಹದ ಮಾಡುವ ಒಂದು ಕ್ರಮ ಇದೆ, ಅದನ್ನು ನಾನೇ ಇಟ್ಟುಕೊಳ್ಳುತ್ತೇನೆ.

ಈ ಬಿಸಿಯಿಂದ ನಾನು ಎಣಿಸದ ಇನ್ನೊಂದು ಲಾಭವೂ ಆಯಿತು. ಬಿಸಿ ಸರೇಸು, ಅಂದರೆ ಚರ್ಮದಿಂದ ಮಾಡಿದ ಅಂಟು, ತಣ್ಣನೆಯ ಕೋಣೆಯಲ್ಲಿ ನಿಮಿಷದೊಳಗೆ ಲೋಳೆಗಟ್ಟುತ್ತದೆ, ಬ್ರೇಸ್ ಸರಿಪಡಿಸಲು ಸಮಯವೇ ಸಿಗುವುದಿಲ್ಲ. 37 ಡಿಗ್ರಿಯ ಕಪಾಟಿನಲ್ಲಿ ಅದು ಆರಾಮಾಗಿ ಮೂರು-ನಾಲ್ಕು ನಿಮಿಷ ದ್ರವವಾಗಿಯೇ ಇರುತ್ತದೆ. ಬಾಗಿಲು ತೆರೆದು ಹತ್ತು ನಿಮಿಷ ಕೆಲಸ ಮಾಡಿದರೆ ಗಾಳಿಯ ತೇವ ಏರುತ್ತದೆ, ಆದರೆ ಹಲಗೆ ಅಷ್ಟು ಬೇಗ ಕುಡಿಯುವುದಿಲ್ಲ. ಬಾಗಿಲು ಮುಚ್ಚಿದ ಕಾಲು ಗಂಟೆಯಲ್ಲಿ ತೇವದ ಯಂತ್ರದ ಮುಳ್ಳು ಮತ್ತೆ ತನ್ನ ಜಾಗಕ್ಕೆ ಬರುತ್ತದೆ.

ಕರೆಂಟ್ ಹೋದರೆ? ನಮ್ಮಲ್ಲಿ ಜುಲೈ ಗಾಳಿಗೆ ಎರಡು ದಿನ ಕರೆಂಟ್ ಇಲ್ಲದಿರುವುದು ಮಾಮೂಲು. ಇದಕ್ಕೆ ದಾರಿ ತೋರಿಸಿದ್ದು ಆಯಿ. ಬಚ್ಚಲ ಹಂಡೆಯ ಕುದಿಯುವ ನೀರನ್ನು ಮುಚ್ಚಳ ಬಿಗಿಯಾದ ಎರಡು ಹಾಲಿನ ಕ್ಯಾನಿಗೆ ತುಂಬಿ ಕಪಾಟಿನಲ್ಲಿಡುವುದು. ಹೊರಗೆ ಒಂದು ಹನಿಯೂ ಉಳಿಯದಂತೆ ಒರೆಸಬೇಕು. ಆರೇಳು ಗಂಟೆ ಕಪಾಟು ಬೆಚ್ಚಗಿರುತ್ತದೆ. ಒಂಬತ್ತನೆಯ ಗಿಟಾರಿನ ಹಿಂಬದಿ ಹಲಗೆ ಅಂಟಿದ್ದು ಹೀಗೆಯೇ, ರಾತ್ರಿ ಎರಡು ಸಲ ಎದ್ದು ಕ್ಯಾನ್ ಬದಲಿಸಿ.

ಈಗ ಹಲಸಿನ ವಿಷಯ. ಎಲ್ಲರ ಮನಸ್ಸಿನಲ್ಲಿ ಬೀಟೆಯೇ ಇದೆ. ಬೀಟೆ ನಮ್ಮ ಜಮೀನಿನಲ್ಲೇ ಬೆಳೆದಿದ್ದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಡಿಪೋ ಹರಾಜಿನಲ್ಲಿ ದಿಮ್ಮಿಗಟ್ಟಲೆ ಕೊಳ್ಳುವ ಶಕ್ತಿ ನನಗಿಲ್ಲ. 2017ರಿಂದ ಬೀಟೆಯ ಇಡೀ ಕುಲ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿಗೆ ಸೇರಿತು. 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕರೂ ಮರ ತರುವವನ ಕಷ್ಟ ಹಾಗೆಯೇ ಉಳಿಯಿತು. ಅದೇ ಹೊತ್ತಿಗೆ ನಮ್ಮ ಬೆಟ್ಟದಲ್ಲಿ ಅಜ್ಜನ ಕಾಲದ ಹಲಸಿನ ಮರವೊಂದು ಗಾಳಿಗೆ ಉರುಳಿತು. ವೀಣೆಗೆ, ಮೃದಂಗಕ್ಕೆ ಹಲಸು ತಲೆಮಾರುಗಳಿಂದ ಒಗ್ಗಿದೆ. ಗಿಟಾರಿಗೆ ಏಕೆ ಒಗ್ಗಬಾರದು? ಸ್ಪೇನಿನ ಗಿಟಾರ್ ತಯಾರಕ ತೋರೆಸ್ 1862ರಲ್ಲಿ ಹಿಂಬದಿಯನ್ನೂ ಪಕ್ಕೆಗಳನ್ನೂ ಕಾಗದದ ರಟ್ಟಿನಿಂದ ಮಾಡಿ ಗಿಟಾರ್ ಕಟ್ಟಿದ್ದ, ದನಿಯ ಜೀವ ಮೇಲ್ಹಲಗೆಯಲ್ಲಿದೆ ಎಂದು ತೋರಿಸಲು. ರಟ್ಟಿಗಿಂತ ನಮ್ಮ ಹಲಸು ಕಡೆಯೇ?

ದಿಮ್ಮಿಯ ತುದಿಗಳಿಗೆ ಜೇನುಮೇಣ ಬಳಿದು ಎರಡು ವರ್ಷ ನೆರಳಲ್ಲಿಟ್ಟೆ. ಸಾಮಿಲ್ಲಿನಲ್ಲಿ ನೆಟ್ಟಗಿನ ನಾರು ಬರುವಂತೆ ಸೀಳಿಸಿಕೊಳ್ಳಲು ಎದುರಿಗೇ ನಿಂತಿರಬೇಕು. ಒಂದು ಕ್ಷಣ ಆಚೆ ಹೋದರೆ ಬಾಗಿಲಿನ ಚೌಕಟ್ಟಿಗೆ ಸೀಳಿದಂತೆ ಸೀಳಿಬಿಡುತ್ತಾರೆ. ಹೊಸದಾಗಿ ಕೀಸಿದ ಹಲಸು ಅರಿಸಿನದಂತೆ ಹಳದಿ. ಬೆಳಕು ತಾಕಿ ವರ್ಷದೊಳಗೆ ಜೋನಿ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಬೀಟೆಗಿಂತ ಹಗುರ ಕೂಡ. ಒಂಬತ್ತನೆಯ ಗಿಟಾರ್ ಎರಡು ಕಿಲೋ ಮುಟ್ಟಲಿಲ್ಲ.

ಹಲಸಿನ ಕಷ್ಟ ಬಾಗಿಸುವುದರಲ್ಲಿದೆ. ಅದರ ನಾರು ಒಂದು ಪದರ ಈಚೆಗೆ, ಒಂದು ಪದರ ಆಚೆಗೆ ವಾಲಿಕೊಂಡಿರುತ್ತದೆ. ಎರಡೂವರೆ ಮಿಲಿಮೀಟರ್ ದಪ್ಪದಲ್ಲಿ ಬಾಗಿಸಲು ಹೋಗಿ ಏಳು ಪಕ್ಕೆಗಳನ್ನು ಸೊಂಟದ ತಿರುವಿನಲ್ಲೇ ಮುರಿದೆ. ಎರಡಕ್ಕೆ ಇಳಿಸಿದ ಮೇಲೆ ದಾರಿಗೆ ಬಂತು. ಕಬ್ಬಿಣದ ಕೊಳವೆ ಕಾಯಿಸಲು ಗೋಬರ್ ಗ್ಯಾಸಿನ ಒಲೆ. ಸಿಲಿಂಡರ್ ಗ್ಯಾಸಿನ ಉರಿಗಿಂತ ಇದು ಮೆತ್ತಗೆ, ಮರ ಸುಡುವುದಿಲ್ಲ, ಖರ್ಚಂತೂ ಇಲ್ಲವೇ ಇಲ್ಲ. ನೀರು ಚಿಮುಕಿಸಿದರೆ ಕೊಳವೆಯ ಮೇಲೆ ಹನಿ ಕುಣಿದು ಓಡಬೇಕು. ಪಕ್ಕೆಯನ್ನು ಒತ್ತಿ ಹಿಡಿದಾಗ ಮೊದಲು ಅದು ಕೈಗೆ ಎದುರು ನಿಲ್ಲುತ್ತದೆ, ಆಮೇಲೆ ಒಂದು ಗಳಿಗೆಯಲ್ಲಿ ಚರ್ಮದಂತೆ ಸೋಲುತ್ತದೆ. ಆ ಗಳಿಗೆಗೆ ಸ್ವಲ್ಪ ಮೊದಲು ಒತ್ತಿದರೆ ಮುರಿಯಿತು ಎಂದೇ ಲೆಕ್ಕ. ಬಾಗಿಸುವ ಹಿಂದಿನ ರಾತ್ರಿ ಪಕ್ಕೆಯನ್ನು ಯಾವುದರಲ್ಲಿ ನೆನೆಸುತ್ತೇನೆ ಎಂದು ಕೇಳಿದವರಿಗೆಲ್ಲ ನೀರಿನಲ್ಲಿ ಎಂದೇ ಹೇಳುತ್ತ ಬಂದಿದ್ದೇನೆ. ನೀರಂತೂ ಇರುತ್ತದೆ.

ನಡುವೆ ಬೇರೆ ಮರಗಳನ್ನೂ ನೋಡಿದೆ. ಪಕ್ಕದ ಊರಿನ ಮರ ಕೆತ್ತುವ ಗುಡಿಗಾರ ಅಣ್ಣ ಶಿವನೆ ಮರದ ತುಂಡೊಂದನ್ನು ಕೊಟ್ಟು, "ತಮ್ಮಾ, ಇದು ಮಳೆ-ಬಿಸಿಲಿಗೆ ಹೆಚ್ಚು ಅಲುಗುವುದಿಲ್ಲ, ನೋಡು" ಎಂದರು. ಅದರಿಂದಲೇ ಮೇಲ್ಹಲಗೆ ಮಾಡಿ ಒಂದು ಗಿಟಾರ್ ಕಟ್ಟಿದೆ. ದಪ್ಪ ತಂತಿಗಳು ತುಂಬು ದನಿಯಲ್ಲಿ ನುಡಿದವು, ತೆಳು ತಂತಿಗಳು ಮಂಕಾದವು. ಆದರೆ ಗಿಟಾರಿನ ಕುತ್ತಿಗೆಗೆ ಶಿವನೆ ಬಹಳ ಚೆನ್ನ, ಈಗ ಬೇರೆ ಬಳಸುವುದಿಲ್ಲ. ಹೆಬ್ಬಲಸಿನ ಮೇಲ್ಹಲಗೆ ಬೆರಳಿನಿಂದ ತಟ್ಟಿದಾಗಲೇ ಡಬ್ಬಿಯಂತೆ ಸದ್ದು ಮಾಡಿತು, ಅಲ್ಲಿಗೇ ಬಿಟ್ಟೆ. ಮಳೆಗಾಲದಲ್ಲಿ ಅರಗಿನ ಪಾಲಿಶ್ ಹಾಕಲು ಹೋಗಿ ಇಡೀ ಗಿಟಾರ್ ಮಂಜು ಕವಿದಂತೆ ಬೆಳ್ಳಗಾದದ್ದೂ ಉಂಟು. ಅರಗಿನ ಕೆಲಸ ಈಗ ದೀಪಾವಳಿ ಕಳೆದ ಮೇಲೆಯೇ.

ಹಣದ ಲೆಕ್ಕ ಬಾಯಿಲೆಕ್ಕದಲ್ಲಿ ಹೀಗಿದೆ. ಮೊದಲ ಆರು ವರ್ಷದಲ್ಲಿ ಉಪಕರಣ, ಹಾಳಾದ ಹಲಗೆ, ವಾಪಸು ಕೊಟ್ಟ ಹಣ ಎಲ್ಲ ಸೇರಿ ಎರಡೂವರೆ ಲಕ್ಷ ದಾಟಿದೆ. ಈಗ ಒಂದು ಗಿಟಾರಿಗೆ ಸಾಮಾನಿನ ಖರ್ಚು ಹದಿಮೂರು-ಹದಿನಾಲ್ಕು ಸಾವಿರ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಪ್ರೂಸಿಗೇ. ಹಲಸು ಬಂದ ಮೇಲೆ ಹಿಂಬದಿ, ಪಕ್ಕೆಗಳಿಗೆ ಸಾಮಿಲ್ಲಿನ ಕೂಲಿ ಬಿಟ್ಟರೆ ಬೇರೇನೂ ಇಲ್ಲ. ಕಳೆದ ಎರಡನ್ನು ನಲವತ್ತು ಸಾವಿರದ ಹಾಗೆ ಕೊಟ್ಟೆ. ಒಂದು ಕಾರವಾರಕ್ಕೆ, ಇನ್ನೊಂದು ಮಡಗಾಂವಿಗೆ ಹೋಯಿತು. ಮಡಗಾಂವಿನವರು ಮೂವತ್ತು ವರ್ಷ ಮದುವೆ ಮನೆಗಳಲ್ಲಿ ನುಡಿಸಿದವರು. ಅರ್ಧ ಗಂಟೆ ನುಡಿಸಿ, ಚೌಕಾಶಿ ಮಾಡದೆ ಹಣ ಎಣಿಸಿದರು.

ಬೆಂಗಳೂರಿನ ಹಿರಿಯರು ಹೋದ ವರ್ಷ ಮನೆಗೇ ಬಂದಿದ್ದರು. ಕಪಾಟಿನ ಮುಂದೆ ಬಹಳ ಹೊತ್ತು ನಿಂತು, ಒಂದು ದಬ್ಬೆಯನ್ನು ಬಾಗಿಸಿ ಬಿಟ್ಟು, ಮತ್ತೆ ಬಾಗಿಸಿ ನೋಡಿದರು. ಹೊರಡುವಾಗ ಹತ್ತು ದಬ್ಬೆ ಕಟ್ಟಿಕೊಟ್ಟೆ.

ಧಾರವಾಡದ ಹುಡುಗನಿಗೆ ಸೀಳಿದ್ದರ ಬದಲಿಗೆ ಒಂಬತ್ತನೆಯದನ್ನು ಸಾಮಾನಿನ ಖರ್ಚಿಗಷ್ಟೇ ಕೊಟ್ಟಿದ್ದೆ. ಮೊದಲನೆಯದು ಇಷ್ಟು ವರ್ಷ ಕಾರ್ಯಾಗಾರದ ಗೋಡೆಯ ಮೇಲಿತ್ತು. ಈ ಆಷಾಢದಲ್ಲಿ ಅದರ ಹಳೆಯ ಮೇಲ್ಹಲಗೆಯನ್ನು ಬಿಸಿ ಚಾಕುವಿನಿಂದ ಬಿಡಿಸಿದ್ದೇನೆ. ಹೊಸ ಹಲಗೆಯೂ ಅದರ ಬ್ರೇಸ್‌ಗಳೂ ನಾಲ್ಕು ದಿನದಿಂದ ಕಪಾಟಿನಲ್ಲಿವೆ. ಬೆಳಿಗ್ಗೆ ನೋಡಿದಾಗ ಮುಳ್ಳು 47ರಲ್ಲಿತ್ತು. ನಾಳೆ ಸರೇಸು ಕಾಯಿಸುತ್ತೇನೆ.