ಜಿಯೋ ಮೆಟ್ರೋ ಕಾರಿಗೆ ಕುಬೋಟಾ ಡೀಸೆಲ್ ಎಂಜಿನ್ ಕೂರಿಸಿದ್ದು: ನನ್ನ ಅನುಭವ

ಜಿಯೋ ಮೆಟ್ರೋ ಅಂದರೆ ಅಮೆರಿಕದಲ್ಲಿ ಜನರಲ್ ಮೋಟರ್ಸ್ ಮಾರಿದ ಸುಜುಕಿ ಕಲ್ಟಸ್. ನಮ್ಮ ಮಾರುತಿ 1000 ಮತ್ತು ಎಸ್ಟೀಮ್ ಇದೇ ಕಾರಿನ ಸೆಡಾನ್ ರೂಪಗಳು. ಹಾಗಾಗಿ ಬಾನೆಟ್ ಎತ್ತಿದರೆ ಎಸ್ಟೀಮ್ ಬಿಚ್ಚಿ ಗೊತ್ತಿರುವವರಿಗೆ ಅಪರಿಚಿತವಾದದ್ದು ಹೆಚ್ಚೇನೂ ಸಿಗುವುದಿಲ್ಲ. ಕಾರಿನ ತೂಕ 750 ಕಿಲೋ ಆಸುಪಾಸು, ಎಂಜಿನ್ 993 ಸಿಸಿಯ ಮೂರು ಸಿಲಿಂಡರ್ ಪೆಟ್ರೋಲ್. ಅದನ್ನು ತೆಗೆದು, ಜಪಾನಿನ ಟ್ರ್ಯಾಕ್ಟರ್ ಕಂಪನಿ ಕುಬೋಟಾದ ಡಿ902 ಡೀಸೆಲ್ ಎಂಜಿನ್ ಹಾಕಿದ ಕೆಲಸದ ವಿವರ ಇಲ್ಲಿದೆ.

ಮೊದಲು ಕಾನೂನು, ಯಾಕೆಂದರೆ ದುಡ್ಡು ಸುರಿದ ಮೇಲೆ ಇದನ್ನು ಓದಿ ಪ್ರಯೋಜನವಿಲ್ಲ. ಡಿ902 ಸರ್ಟಿಫೈ ಆಗಿರುವುದು ಹೊಲ ಮತ್ತು ಕೈಗಾರಿಕೆಯ ಯಂತ್ರಗಳಿಗೆ, ರಸ್ತೆಯ ಕಾರಿಗಲ್ಲ. ಅಮೆರಿಕದ ಕ್ಲೀನ್ ಏರ್ ಆಕ್ಟ್ ಪ್ರಕಾರ ಕಾರಿನ ಹೊಗೆ ನಿಯಂತ್ರಣ ವ್ಯವಸ್ಥೆಯನ್ನು ಕಿತ್ತುಹಾಕುವುದು ಟ್ಯಾಂಪರಿಂಗ್. ಕ್ಯಾಲಿಫೋರ್ನಿಯಾದಲ್ಲಂತೂ ಇದರ ಆಸೆ ಬಿಟ್ಟುಬಿಡಿ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಆರ್‌ಟಿಓ ಅನುಮತಿ ಇಲ್ಲದೆ ಎಂಜಿನ್ ಬದಲಿಸಿದರೆ ಆರ್‌ಸಿಯೂ ಇನ್ಶೂರೆನ್ಸೂ ತೊಂದರೆಗೆ ಸಿಗುತ್ತವೆ. ಊರಿನಲ್ಲಿ ಇಂಥ ಕಾರು ಬೇಕು ಅನ್ನುವವರಿಗೆ ಪೆಜೊ 1527 ಸಿಸಿ ಎಂಜಿನ್ನಿನ ಎಸ್ಟೀಮ್ ಡೀಸೆಲ್ ಕಂಪನಿಯಿಂದಲೇ ಬಂದಿತ್ತು. ಒಳ್ಳೆಯದೊಂದನ್ನು ಹುಡುಕಿ ರಿಪೇರಿ ಮಾಡಿಸಿಕೊಳ್ಳುವುದು ಜಾಣತನ.

ಕುಬೋಟಾದಲ್ಲಿ ಈ ಕಾರಿಗೆ ಹೊಂದುವ ಎಂಜಿನ್ ಮೂರು. ಡಿ722 ಕೇವಲ 719 ಸಿಸಿ, 20 ಎಚ್‌ಪಿ. ಹೈವೇಯಲ್ಲಿ ಏದುಸಿರು ಬಿಡುತ್ತದೆ. ಡಿ1105 ಗಟ್ಟಿ ಎಂಜಿನ್ನೇ, ಆದರೆ 93 ಕಿಲೋ ತೂಗುತ್ತದೆ, ಪವರ್ ಸಿಗುವುದು 3000 ಆರ್‌ಪಿಎಂವರೆಗೆ ಮಾತ್ರ. ಡಿ902 ಇವೆರಡರ ನಡುವಿನದು: 898 ಸಿಸಿ, ಬೋರ್ 72, ಸ್ಟ್ರೋಕ್ 73.6 ಮಿ.ಮೀ., 3600 ಆರ್‌ಪಿಎಂನಲ್ಲಿ 18.5 ಕಿಲೋವ್ಯಾಟ್, ತೂಕ 72 ಕಿಲೋ. ಹಳೆಯ ಪೆಟ್ರೋಲ್ ಎಂಜಿನ್ನಿಗಿಂತ ಹತ್ತು ಕಿಲೋ ಹೆಚ್ಚು ಅಷ್ಟೇ, ಮುಂದಿನ ಸ್ಪ್ರಿಂಗ್ ಮುಟ್ಟಬೇಕಾಗಿಲ್ಲ. ಕುಬೋಟಾ ಆರ್‌ಟಿವಿ900 ಎಂಬ ಹೊಲದ ಕೆಲಸದ ಸಣ್ಣ ಗಾಡಿಯಲ್ಲಿರುವುದು ಇದೇ ಎಂಜಿನ್, ಮಗುಚಿ ಬಿದ್ದ ಗಾಡಿಗಳಿಂದ ಬಿಚ್ಚಿದ್ದು ಸಿಗುತ್ತದೆ. ಅದರಲ್ಲಿ ಗವರ್ನರನ್ನು (ಎಂಜಿನ್ನಿನ ವೇಗವನ್ನು ಮಿತಿಯಲ್ಲಿಡುವ ಭಾಗ) 3200ರ ಸುಮಾರಿಗೆ ಕಟ್ಟಿರುತ್ತಾರೆ. ಹೆಚ್ಚು ಕಡಿಮೆ 16 ಕಿಲೋವ್ಯಾಟ್. ನನ್ನ ಲೆಕ್ಕವೆಲ್ಲ ಈ 16ರ ಮೇಲೆ. ತಿರುಗುವ ದಿಕ್ಕನ್ನೂ ನೋಡಿಕೊಳ್ಳಿ: ಕುಬೋಟಾ ಫ್ಲೈವೀಲ್ ಕಡೆಯಿಂದ ನೋಡಿದರೆ ಅಪ್ರದಕ್ಷಿಣವಾಗಿ ತಿರುಗುತ್ತದೆ, ಸುಜುಕಿಯೂ ಹಾಗೇ. ಉಲ್ಟಾ ತಿರುಗುವ ಎಂಜಿನ್ ತಂದು ಕೂರಿಸಿದರೆ ಐದು ರಿವರ್ಸ್ ಗೇರು, ಒಂದು ಫಾರ್ವರ್ಡ್ ಗೇರಿನ ಕಾರು ನಿಮ್ಮದಾಗುತ್ತದೆ.

ಚಾಲಕನೂ ಸೇರಿ 870 ಕಿಲೋ ಅಂತ ಹಿಡಿದರೆ, ಸಮತಟ್ಟಾದ ರಸ್ತೆಯಲ್ಲಿ 90 ಕಿ.ಮೀ. ವೇಗಕ್ಕೆ ಎಂಜಿನ್ ಕೊಡಬೇಕಾದದ್ದು ಸುಮಾರು 9 ಕಿಲೋವ್ಯಾಟ್. 110ಕ್ಕೆ 15. ಅಂದರೆ 110 ದಾಟಿದ ಮೇಲೆ ಉಳಿಯುವುದು ಬಹಳ ಕಡಿಮೆ. ಇಷ್ಟು ಸಣ್ಣ ಪವರ್ ಇರುವಾಗ ಕಾರು ಓಡುವುದೋ ನರಳುವುದೋ ಅನ್ನುವುದನ್ನು ನಿರ್ಧರಿಸುವುದು ಗೇರ್ ರೇಶಿಯೋ. 1989ರಿಂದ 94ರವರೆಗಿನ ಸಾಮಾನ್ಯ ಮೆಟ್ರೋದ ಫೈನಲ್ ಡ್ರೈವ್ (ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಕೊನೆಯ ಗೇರಿನ ರೇಶಿಯೋ) 4.10. 12 ಇಂಚಿನ 145/80 ಟಯರಿನಲ್ಲಿ, ಐದನೇ ಗೇರಿನಲ್ಲಿ, 3000 ಆರ್‌ಪಿಎಂಗೆ 95 ಕಿ.ಮೀ. ಪೆಟ್ರೋಲ್ ಎಂಜಿನ್ನಿಗೆ ಸರಿ, ಡೀಸೆಲ್ಲಿಗೆ ಈ ವೇಗಕ್ಕೆ ಆರ್‌ಪಿಎಂ ತೀರಾ ಹೆಚ್ಚು. ಮೈಲೇಜಿಗೆಂದೇ ಮಾಡಿದ ಎಕ್ಸ್‌ಎಫ್‌ಐ ಮಾಡೆಲ್ಲಿನ ಗೇರ್‌ಬಾಕ್ಸಿನಲ್ಲಿ 3.79 ಇದೆ; ಅದನ್ನೇ ಹುಡುಕಿ ತರಬೇಕು. ಜೊತೆಗೆ 1995ರ ನಂತರದ ಮೆಟ್ರೋದ 13 ಇಂಚಿನ ಚಕ್ರ, 155/80 ಟಯರು ಹಾಕಿದರೆ ಅದೇ 3000ಕ್ಕೆ 111 ಕಿ.ಮೀ. ಬರುತ್ತದೆ. ಸ್ಪೀಡೋಮೀಟರ್ ಆಗ ಶೇ. 7ರಷ್ಟು ಕಡಿಮೆ ತೋರಿಸುತ್ತದೆ, ಅದು ತಲೆಯಲ್ಲಿರಲಿ. ನಂತರದ ಮಾಡೆಲ್ಲುಗಳ 4.39 ಗೇರ್‌ಬಾಕ್ಸ್ ಪುಕ್ಕಟೆ ಸಿಕ್ಕರೂ ಬೇಡ.

ಏರಿನ ಲೆಕ್ಕ ಬೇರೆ. ಶೇ. 6ರ ಏರಿನಲ್ಲಿ 70 ಕಿ.ಮೀ. ಹಿಡಿಯಲು 16 ಕಿಲೋವ್ಯಾಟೂ ಬೇಕು. ಅದು ಮೂರನೇ ಗೇರಿನಲ್ಲಿ ಸರಿಯಾಗಿ 3200 ಆರ್‌ಪಿಎಂಗೆ ಬಂದು ಕೂರುತ್ತದೆ. ನಾಲ್ಕರಲ್ಲೇ ಎಳೆಯಲು ಹೋದರೆ ಎಂಜಿನ್ 2300ಕ್ಕೆ ಇಳಿದು, ಕಪ್ಪು ಹೊಗೆ ಬಿಟ್ಟುಕೊಂಡು ವೇಗ ಕಳೆದುಕೊಳ್ಳುತ್ತಾ ಹೋಗುತ್ತದೆ. ಏರು ಕಂಡ ತಕ್ಷಣ ಮೂರಕ್ಕೆ ಇಳಿಸಿ, ನಿಧಾನದ ಲೇನ್ (ಅಮೆರಿಕದಲ್ಲಿ ಬಲಗಡೆಯದು) ಹಿಡಿಯಿರಿ.

ಇನ್ನು ಕೆಲಸದ ತಿರುಳು, ಅಡಾಪ್ಟರ್: ಕುಬೋಟಾ ಎಂಜಿನ್ನನ್ನು ಸುಜುಕಿ ಗೇರ್‌ಬಾಕ್ಸಿಗೆ ಜೋಡಿಸುವ ಪ್ಲೇಟ್. ಸುಜುಕಿ ಫ್ಲೈವೀಲನ್ನೇ ಕುಬೋಟಾ ಕ್ರ್ಯಾಂಕಿಗೆ ಕೂರಿಸೋಣ ಅನ್ನಿಸುವುದು ಸಹಜ. ನಾನು ಆ ದಾರಿ ಹಿಡಿಯಲಿಲ್ಲ, ಎರಡು ಕಾರಣಕ್ಕೆ. ಒಂದು, ಮೂರು ಸಿಲಿಂಡರ್ ಡೀಸೆಲ್ಲಿಗೆ ಫ್ಲೈವೀಲಿನ ತೂಕ ಬೇಕು; ಹಗುರವಾದರೆ ಐಡಲ್‌ನಲ್ಲಿ ಗೇರ್‌ಬಾಕ್ಸಿನ ಒಳಗೆ ಗೇರುಗಳು ಗಿಲಿಗಿಲಿ ಅನ್ನುತ್ತವೆ. ಎರಡು, ಸುಜುಕಿಯ ಸೆಲ್ಫ್ ಮೋಟರು ಪೆಟ್ರೋಲ್ ಎಂಜಿನ್ನಿನ ಕಂಪ್ರೆಷನ್ನಿಗೆ ಲೆಕ್ಕ ಹಾಕಿ ಮಾಡಿದ್ದು. 20 ದಾಟಿದ ಕಂಪ್ರೆಷನ್ನಿನ ಡೀಸೆಲ್ ಚಳಿಯಲ್ಲಿ ಅದಕ್ಕೆ ಬಗ್ಗುವುದಿಲ್ಲ. ಆದ್ದರಿಂದ ಕುಬೋಟಾ ಫ್ಲೈವೀಲ್, ಅದರದೇ ರಿಂಗ್ ಗೇರ್, ಅದರದೇ ಸೆಲ್ಫ್ ಹಾಗೇ ಉಳಿಯುತ್ತವೆ. ಫ್ಲೈವೀಲಿನ ಮುಖವನ್ನು ಲೇತಿನಲ್ಲಿ ಸಮ ಮಾಡಿಸಿ, ಸುಜುಕಿ ಪ್ರೆಶರ್ ಪ್ಲೇಟಿನ ಬೋಲ್ಟಿಗೂ ಡವೆಲ್ ಪಿನ್ನಿಗೂ (ಭಾಗಗಳು ಸರಿಯದಂತೆ ಹಿಡಿದಿಡುವ ಗೂಟ) ತೂತು ಹೊಡೆಸಿ, ಕೊನೆಗೆ ಪ್ರೆಶರ್ ಪ್ಲೇಟ್ ಕಟ್ಟಿಯೇ ಬ್ಯಾಲೆನ್ಸ್ ಮಾಡಿಸಬೇಕು. ಕ್ಲಚ್ ಸುಜುಕಿಯದೇ ಸಾಕು: ಪೆಟ್ರೋಲ್ ಎಂಜಿನ್ 79 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಿತ್ತು, ಇದು ಕೊಡುವುದು 56ರ ಹತ್ತಿರ. ಆದರೆ ಡೀಸೆಲ್ಲಿನ ಹೊಡೆತ ಜೋರು, ನಡುವಿನ ಹಬ್‌ನಲ್ಲಿ ಸ್ಪ್ರಿಂಗ್ ಇರುವ ಕ್ಲಚ್ ಪ್ಲೇಟೇ ಇರಲಿ.

ಅಡಾಪ್ಟರಿನ ದಪ್ಪವನ್ನು ಅಂದಾಜಿನಲ್ಲಿ ಕತ್ತರಿಸಬೇಡಿ. ಹಳೆಯ ಎಂಜಿನ್ ಬಿಚ್ಚುವ ಮುಂಚೆ, ಬೆಲ್ ಹೌಸಿಂಗ್ (ಗೇರ್‌ಬಾಕ್ಸಿನ ಕ್ಲಚ್ ಮುಚ್ಚುವ ಭಾಗ) ಕೂರುವ ಮುಖದಿಂದ ಫ್ಲೈವೀಲಿನ ಕ್ಲಚ್ ಮುಖ ಎಷ್ಟು ಹೊರಗೆ ಚಾಚಿದೆ ಅಂತ ಡೆಪ್ತ್ ಗೇಜಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಕುಬೋಟಾದ ಹಿಂದಿನ ಪ್ಲೇಟಿನಿಂದ ಅದರ ಫ್ಲೈವೀಲ್ ಮುಖ ಎಷ್ಟು ಚಾಚಿದೆ ಅಂತಲೂ ಅಳೆಯಿರಿ, ಮುಖ ಸಮ ಮಾಡಿಸಿದ ಮೇಲೆ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಬರುವುದೇ ದಪ್ಪ. ಒಂದು ಮಿಲಿಮೀಟರ್ ಆಚೀಚೆಯಾದರೆ ಕ್ಲಚ್ ಕೇಬಲ್ ಸರಿದೂಗಿಸುತ್ತದೆ. ಅದಕ್ಕಿಂತ ತೆಳುವಾದರೆ ಇನ್‌ಪುಟ್ ಶಾಫ್ಟಿನ ತುದಿ ಕ್ರ್ಯಾಂಕಿಗೆ ಒತ್ತಿಕೊಂಡು ಥ್ರಸ್ಟ್ ಬೇರಿಂಗ್ ತಿನ್ನುತ್ತದೆ. ದಪ್ಪವಾದರೆ ತುದಿ, ಅದಕ್ಕೆ ಆಧಾರವಾಗಿ ಕ್ರ್ಯಾಂಕಿನ ಮಧ್ಯದಲ್ಲಿರುವ ಪೈಲಟ್ ಬೇರಿಂಗಿನೊಳಗೆ ಕೂರುವುದೇ ಇಲ್ಲ. ತುದಿಗೂ ಕ್ರ್ಯಾಂಕಿಗೂ ನಡುವೆ 2ರಿಂದ 3 ಮಿ.ಮೀ. ಬಿಡುವು ಇರಬೇಕು. ಶಾಫ್ಟಿನ ತುದಿಗೆ ಚೂರು ಜೇಡಿಮಣ್ಣು ಅಂಟಿಸಿ ಒಮ್ಮೆ ಜೋಡಿಸಿ ಬಿಚ್ಚಿದರೆ ಬಿಡುವು ಎಷ್ಟಿದೆ ಅಂತ ಕಣ್ಣಿಗೇ ಕಾಣುತ್ತದೆ.

ದಪ್ಪಕ್ಕಿಂತ ಮುಖ್ಯವಾದದ್ದು ಸೆಂಟರ್. ಕ್ರ್ಯಾಂಕೂ ಇನ್‌ಪುಟ್ ಶಾಫ್ಟೂ ಒಂದೇ ಗೆರೆಯಲ್ಲಿರಬೇಕು; ನಾನು ಒಪ್ಪುವ ವ್ಯತ್ಯಾಸ 0.1 ಮಿ.ಮೀ. ಪ್ಲೇಟ್ 6061-ಟಿ6 ಅಲ್ಯೂಮಿನಿಯಂನದು. ಅದರ ಬೋಲ್ಟಿನ ತೂತುಗಳನ್ನು ಬೇಕಂತಲೇ ಅರ್ಧ ಮಿಲಿಮೀಟರ್ ಸಡಿಲ ಇಟ್ಟಿದ್ದೇನೆ, ಡವೆಲ್ ತೂತು ಆಗಲೇ ಹೊಡೆಯುವುದಿಲ್ಲ. ಟರ್ನರ್ ಹತ್ತಿರ ಒಂದು ಉಕ್ಕಿನ ಬುಷ್ ಮಾಡಿಸಿ: ಹೊರಮೈ ಕ್ರ್ಯಾಂಕಿನ ಮಧ್ಯದ ಗುಳಿಯಲ್ಲಿ ಬಿಗಿಯಾಗಿ, ಒಳಮೈ ಇನ್‌ಪುಟ್ ಶಾಫ್ಟಿನ ತುದಿಗೆ ಜಾರುವಂತೆ. ಕ್ಲಚ್ ಪ್ಲೇಟ್ ಇಲ್ಲದೆ, ಎಂಜಿನ್ನನ್ನು ಮುಖ ಮೇಲಾಗಿ ನಿಲ್ಲಿಸಿ, ಗೇರ್‌ಬಾಕ್ಸನ್ನು ಮೇಲಿನಿಂದ ಇಳಿಸಿ. ಶಾಫ್ಟ್ ಬುಷ್ಷಿನೊಳಗೆ ತಾನಾಗಿ ಇಳಿದರೆ ಬೋಲ್ಟ್ ಅರೆಬಿಗಿ ಮಾಡಿ, ಶಾಫ್ಟನ್ನು ಕೈಯಲ್ಲಿ ತಿರುಗಿಸುತ್ತಾ ಎಲ್ಲೂ ಹಿಡಿಯದ ಜಾಗ ಹುಡುಕಿ. ಆಮೇಲೆ ಪೂರ್ತಿ ಬಿಗಿ ಮಾಡಿ, ಡಯಲ್ ಗೇಜ್ ಇಟ್ಟು ನೋಡಿ, ಆಗ ಡವೆಲ್ ತೂತು ಹೊಡೆದು ರೀಮರ್ ಹಾಕಬೇಕು. ಇದನ್ನು ಹಾರಿಸಿದವರ ಕಾರು ಮೊದಮೊದಲು ಚೆನ್ನಾಗಿಯೇ ಓಡುತ್ತದೆ. ನಂತರ ಇನ್‌ಪುಟ್ ಸೀಲ್ ಸೋರುತ್ತದೆ, ಕ್ಲಚ್ ಹಬ್ಬಿನ ಸ್ಪ್ಲೈನಿನಿಂದ ತುಕ್ಕಿನ ಬಣ್ಣದ ಪುಡಿ ಉದುರುತ್ತದೆ, ಕೊನೆಗೆ ಗೇರ್ ತಾನಾಗಿ ಹಾರಲು ಶುರುವಾಗುತ್ತದೆ.

ಮೌಂಟಿಂಗ್ ವಿಚಾರದಲ್ಲಿ ಗೇರ್‌ಬಾಕ್ಸ್ ಕಡೆಯದನ್ನು ಮುಟ್ಟಬೇಡಿ. ಪುಲ್ಲಿ ಕಡೆ ಮಾತ್ರ ಕುಬೋಟಾ ಬ್ಲಾಕಿನ ಬೋಲ್ಟುಗಳಿಂದ ಸುಜುಕಿಯ ರಬ್ಬರಿಗೆ 6 ಮಿ.ಮೀ. ಉಕ್ಕಿನ (ಎಂಎಸ್) ಪ್ಲೇಟಿನ ಬ್ರ್ಯಾಕೆಟ್ ಮಾಡಬೇಕು. ಕಂಪನ ತಡೆಯಲು ಗಟ್ಟಿ ರಬ್ಬರ್ ಹಾಕುವವರಿದ್ದಾರೆ, ಅದು ಉಲ್ಟಾ ಕೆಲಸ. 1000 ಆರ್‌ಪಿಎಂ ಐಡಲ್‌ನಲ್ಲಿ ಈ ಎಂಜಿನ್ ಸೆಕೆಂಡಿಗೆ 25 ಸಲ ಹೊಡೆಯುತ್ತದೆ. ರಬ್ಬರ್ ಮೆತ್ತಗಿದ್ದಷ್ಟೂ ಆ ಹೊಡೆತ ಬಾಡಿಗೆ ತಲುಪುವುದು ಕಡಿಮೆ. ಐಡಲ್ಲನ್ನು 800ಕ್ಕೆ ಇಳಿಸಿದರೆ ಕನ್ನಡಿಯಲ್ಲಿ ಹಿಂದಿನ ಗಾಡಿ ಎರಡೆರಡು ಕಾಣುತ್ತದೆ.

ವೈರಿಂಗಿನಲ್ಲಿ ಸುಟ್ಟುಹೋಗುವ ಸಾಮಾನು ಒಂದೇ, ಡೀಸೆಲ್ ನಿಲ್ಲಿಸಿ ಎಂಜಿನ್ ಆಫ್ ಮಾಡುವ ಸ್ಟಾಪ್ ಸೊಲೆನಾಯ್ಡ್. ಕರೆಂಟ್ ಇದ್ದಾಗ ಎಂಜಿನ್ ಓಡುವ ಬಗೆಯದರಲ್ಲಿ ಎರಡು ಕಾಯಿಲ್ ಇರುತ್ತವೆ: ಎಳೆಯುವುದೊಂದು, ಹಿಡಿದಿಡುವುದೊಂದು. ಎಳೆಯುವ ಕಾಯಿಲ್ ಹತ್ತಾರು ಆಂಪಿಯರ್ ಕುಡಿಯುತ್ತದೆ, ಕೆಲವೇ ಸೆಕೆಂಡಿಗೆ ಮಾಡಿದ್ದು. ಎರಡನ್ನೂ ಕೀ ಆನ್ ವೈರಿಗೆ ಸೇರಿಸಿದರೆ ನಿಮಿಷದೊಳಗೆ ವಾಸನೆ ಬರುತ್ತದೆ. ಎಳೆಯುವ ಕಾಯಿಲ್ಲಿಗೆ ಸೆಲ್ಫ್ ಹೊಡೆಯುವಾಗ ಮಾತ್ರ, ರಿಲೇ ಮೂಲಕ, ಕರೆಂಟ್ ಕೊಡಿ. ಹಿಡಿಯುವ ಕಾಯಿಲ್ ಇಗ್ನಿಷನ್ನಿಗೆ. ಕರೆಂಟ್ ಕೊಟ್ಟಾಗ ನಿಲ್ಲುವ ಬಗೆಯದಾದರೆ ವೈರ್ ಕಡಿದ ದಿನ ಎಂಜಿನ್ ನಿಲ್ಲುವುದೇ ಇಲ್ಲ, ಅದಕ್ಕೆ ಪಂಪಿನ ಸ್ಟಾಪ್ ಲಿವರಿನಿಂದ ಡ್ಯಾಶ್‌ಬೋರ್ಡಿಗೆ ಒಂದು ಎಳೆಯುವ ಕೇಬಲ್ ಬೇಕೇಬೇಕು. ಹೀಟರ್ ಪ್ಲಗ್ಗುಗಳಿಗೆ ಪ್ರತ್ಯೇಕ ರಿಲೇ, ದಪ್ಪ ವೈರು. ಆಯಿಲ್ ಪ್ರೆಶರ್ ಸ್ವಿಚ್ಚಿನ ತೂತು 1/8 ಬಿಎಸ್‌ಪಿಟಿ (ಬ್ರಿಟಿಷ್ ಪೈಪ್ ಥ್ರೆಡ್), ಇಂಚಿಗೆ 28 ಎಳೆ. ಅಮೆರಿಕದ ಅಂಗಡಿಯ ಗೇಜ್ ಎನ್‌ಪಿಟಿ, 27 ಎಳೆ. ಎರಡು ಸುತ್ತು ಹೋಗಿ ಬಿಗಿಯಾದಂತೆ ಅನ್ನಿಸುತ್ತದೆ, ಆಮೇಲೆ ಸೋರುತ್ತದೆ, ಅಡಾಪ್ಟರ್ ತನ್ನಿ.

ಇಂಧನದ ಕಡೆ ಮೆಟ್ರೋ ಅನುಕೂಲ ಮಾಡಿಕೊಟ್ಟಿದೆ. ಇಂಜೆಕ್ಷನ್ ಕಾರಾದ್ದರಿಂದ ಟ್ಯಾಂಕಿಗೆ ರಿಟರ್ನ್ ಪೈಪ್ ಮೊದಲೇ ಇದೆ, ನಾಝಲ್ ಲೀಕ್-ಆಫ್ (ನಾಝಲ್‌ಗಳಿಂದ ವಾಪಸ್ ಬರುವ ಡೀಸೆಲ್) ಅದಕ್ಕೇ ಸೇರಿಸಿದರಾಯಿತು. ಟ್ಯಾಂಕ್ ಇಳಿಸಿ ತೊಳೆದು, ಒಳಗಿನ ಪೆಟ್ರೋಲ್ ಪಂಪ್ ತೆಗೆದು ಬರೀ ಹೀರುವ ಕೊಳವೆ ಬಿಡಿ. ಹೊರಗೆ ಕಡಿಮೆ ಒತ್ತಡದ 12 ವೋಲ್ಟ್ ಪಂಪ್, ನೀರು ಬೇರ್ಪಡಿಸುವ ಫಿಲ್ಟರ್. ತಾಮ್ರದ ಪೈಪ್ ಬೇಡ, ಡೀಸೆಲ್ ಕೆಡುತ್ತದೆ. ಬಹಳ ಜನ ಮರೆಯುವುದು ಟ್ಯಾಂಕಿನ ಬಾಯಿ: ಪೆಟ್ರೋಲ್ ಕಾರಿನ ಕತ್ತಿನಲ್ಲಿ ಸಣ್ಣ ನಳಿಕೆಗೆ ಮಾತ್ರ ಹೊಂದುವ ತಗಡಿನ ಉಂಗುರ ಇರುತ್ತದೆ, ಡೀಸೆಲ್ ಬಂಕಿನ ದಪ್ಪ ನಳಿಕೆ ಒಳಗೆ ಹೋಗುವುದಿಲ್ಲ. ಟ್ಯಾಂಕ್ ಕೆಳಗಿರುವಾಗಲೇ ಕತ್ತರಿಸಿ, ತೊಳೆದು ಪೂರ್ತಿ ಒಣಗಿದ ಮೇಲೆ, ಕೈಗರಗಸದಲ್ಲಿ. ಗ್ರೈಂಡರ್ ಹತ್ತಿರವೂ ಸುಳಿಯಬಾರದು.

ಡೀಸೆಲ್ಲಿನಲ್ಲಿ ಥ್ರಾಟಲ್ ಇಲ್ಲ, ಹಾಗಾಗಿ ಬ್ರೇಕ್ ಪೆಡಲನ್ನು ಹಗುರ ಮಾಡುವ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮೂ ಇಲ್ಲ. ಹಗುರ ಕಾರು, ಬೂಸ್ಟರ್ ಇಲ್ಲದೆಯೂ ನಿಲ್ಲುತ್ತದೆ ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. 12 ವೋಲ್ಟ್ ವ್ಯಾಕ್ಯೂಮ್ ಪಂಪ್, ಪ್ರೆಶರ್ ಸ್ವಿಚ್, ಚೆಕ್ ವಾಲ್ವ್, ಒಂದು ಸಣ್ಣ ಡಬ್ಬಿ. ಪಂಪ್ ಆಫ್ ಮಾಡಿದ ಮೇಲೂ ಮೂರು ಸಲ ಪೆಡಲ್ ಮೆತ್ತಗೆ ಸಿಗಬೇಕು.

ಆಕ್ಸಿಲರೇಟರ್ ಅಭ್ಯಾಸವಾಗಲು ಸಮಯ ಬೇಕು. ಕುಬೋಟಾ ಲಿವರ್ ಹೇಳುವುದು ಎಷ್ಟು ಡೀಸೆಲ್ ಅಂತಲ್ಲ, ಎಷ್ಟು ಆರ್‌ಪಿಎಂ ಅಂತ. ಉಳಿದದ್ದನ್ನು ಗವರ್ನರ್ ನೋಡಿಕೊಳ್ಳುತ್ತದೆ. ಸ್ವಲ್ಪ ಒತ್ತಿದರೂ ಅದು ಪೂರ್ತಿ ಡೀಸೆಲ್ ಕೊಟ್ಟು ಕಾರು ಜಗ್ಗುತ್ತದೆ. ಲಿವರಿನಲ್ಲಿ ಕೇಬಲ್ಲನ್ನು ಹೊರಗಿನ ತೂತಿಗೆ ಹಾಕಿ ಪೆಡಲಿನ ಪೂರ್ತಿ ಓಟ ಬಳಕೆಯಾಗುವಂತೆ ಮಾಡಿ. ಭಾರದ ಫ್ಲೈವೀಲ್ ನಿಧಾನಕ್ಕೆ ಇಳಿಯುವುದರಿಂದ ಗೇರ್ ಬದಲಿಸುವಾಗ ಅವಸರ ಬೇಡ. ಸೀಲ್ ಮಾಡಿದ ಮ್ಯಾಕ್ಸಿಮಮ್ ಸ್ಕ್ರೂ ಬಿಚ್ಚಿ ಹೆಚ್ಚು ಡೀಸೆಲ್ ಕೊಟ್ಟರೆ ಸಿಗುವುದು ಹೊಗೆ ಮತ್ತು ಬಿಸಿ.

90ರಲ್ಲಿ ಓಡಿಸಿದರೆ ಲೀಟರಿಗೆ 30 ಕಿ.ಮೀ. ಹತ್ತಿರ ಬರಬೇಕು, ಎಂಜಿನ್ ಗಂಟೆಗೆ ಮೂರು ಲೀಟರ್ ಕುಡಿಯುತ್ತದೆ ಅನ್ನುವ ಲೆಕ್ಕದಲ್ಲಿ. 25ಕ್ಕಿಂತ ಕೆಳಗೆ ಬಂದರೆ ಮೊದಲು ಬ್ರೇಕ್ ಹಿಡಿದಿದೆಯೇ ನೋಡಿ, ಆಮೇಲೆ ಟಯರ್ ಗಾಳಿ, ಕೊನೆಗೆ ನಾಝಲ್. ಟ್ಯಾಪೆಟ್ ಗ್ಯಾಪ್ ತಣ್ಣಗಿರುವಾಗ 0.145ರಿಂದ 0.185 ಮಿ.ಮೀ. ಅಡಾಪ್ಟರಿನ ಬೋಲ್ಟುಗಳನ್ನು ಮೊದಲ ಆಯಿಲ್ ಬದಲಿಸುವಾಗ ಟಾರ್ಕ್ ರೆಂಚಿನಲ್ಲಿ ಮತ್ತೊಮ್ಮೆ ನೋಡಬೇಕು. ಅಲ್ಯೂಮಿನಿಯಂ ಒತ್ತಿಕೊಂಡು ಒಂದೆರಡು ಸಡಿಲವಾಗಿರುವುದು ಮಾಮೂಲು.