ಟರ್ಫ್ ಹುಡುಗರು, ಹನ್ನೊಂದರ ಆಟ: ಕಾಲೇಜು ಫುಟ್‌ಬಾಲ್ ಟೀಮಿಗೆ ಹೊಸ ಕೋಚ್ ಆದಾಗ

ಬೆಂಗಳೂರಿನ ಕಾಲೇಜು ಟೀಮಿಗೆ ಹೊಸದಾಗಿ ಕೋಚ್ ಆಗಿ ಹೋದರೆ, ಟ್ರಯಲ್ಸ್‌ಗೆ ಬರುವ ಹುಡುಗರಲ್ಲಿ ಹೆಚ್ಚಿನವರು ಐದೈದು ಜನ ಆಡುವ ಫೈವ್ಸ್ ಟರ್ಫ್‌ನಲ್ಲಿ ಆಡಿ ಬೆಳೆದವರು. ಇಕ್ಕಟ್ಟಿನಲ್ಲಿ ಒಬ್ಬನನ್ನು ದಾಟುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಆದರೆ ಆ ಆಟದಲ್ಲಿ ಆಫ್‌ಸೈಡ್ (ಎದುರಾಳಿ ಡಿಫೆಂಡರ್‌ಗಳ ಸಾಲು ದಾಟಿ ನಿಂತು ಪಾಸ್ ಪಡೆಯುವ ತಪ್ಪು) ಇಲ್ಲ, ಹೆಡಿಂಗ್ ಅಪರೂಪ, ಅಂಚು ದಾಟಿದ ಚೆಂಡಿಗೆ ಥ್ರೋ ಬದಲು ಕಿಕ್ ಇನ್. ಇಂಟರ್ ಕಾಲೇಜ್ ನಾಕೌಟ್‌ನಲ್ಲಿ ಟೀಮುಗಳು ಮನೆಗೆ ಹೋಗುವುದು ಹೆಚ್ಚಾಗಿ ಇದೇ ಮೂರರಿಂದ. ಹಾಗಾಗಿ ಮೊದಲ ಸೀಸನ್‌ನಲ್ಲಿ ನಾನು ಹೊಸ ಫಾರ್ಮೇಶನ್ ಹುಡುಕುವುದಿಲ್ಲ. 4-4-2 (ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರು) ಇಟ್ಟುಕೊಂಡು, ಸಿಗುವ ಸಮಯದ ದೊಡ್ಡ ಪಾಲನ್ನು ಹಿಂದಿನ ನಾಲ್ವರಿಗೆ ಕೊಡುತ್ತೇನೆ.

ಟ್ರಯಲ್ಸ್‌ನಲ್ಲಿ ಐದೈದು ಜನರ ಆಟ ಆಡಿಸಬೇಡಿ. ಅರ್ಧ ಗ್ರೌಂಡ್, ಪೂರ್ತಿ ಅಗಲ, ಎಂಟೆಂಟು ಜನ. ಚೆಂಡು ಕಳೆದುಕೊಂಡ ಕೂಡಲೇ ಹುಡುಗ ಏನು ಮಾಡುತ್ತಾನೆ ಅನ್ನುವುದನ್ನಷ್ಟೇ ಬರೆದುಕೊಳ್ಳಿ: ತಲೆಯ ಮೇಲೆ ಕೈ ಇಟ್ಟು ನಿಲ್ಲುತ್ತಾನೋ, ತಿರುಗಿ ಓಡುತ್ತಾನೋ. ಓಟದ ಅಳತೆಗೆ ಯೋ-ಯೋ ಟೆಸ್ಟ್ ಸಾಕು. 20 ಮೀಟರ್ ಹೋಗಿ ಬರುವುದು, 10 ಸೆಕೆಂಡ್ ಬಿಡುವು, ಬೀಪ್ ಸದ್ದಿಗೆ ಸರಿಯಾಗಿ ಓಟ, ಶುರುವಿನ ವೇಗ ಗಂಟೆಗೆ 10 ಕಿ.ಮೀ., ಹಂತ ಹಂತವಾಗಿ ಏರುತ್ತದೆ. ಕೋನ್‌ಗಳ ನಡುವಿನ ದೂರವನ್ನು ಟೇಪ್ ಹಿಡಿದೇ ಅಳೆಯಿರಿ. ಹೆಜ್ಜೆ ಲೆಕ್ಕದಲ್ಲಿ ಒಂದು ಮೀಟರ್ ತಪ್ಪಿದರೂ ಮುಂದಿನ ತಿಂಗಳ ಟೆಸ್ಟ್ ಜೊತೆ ಹೋಲಿಸಲು ಬರುವುದಿಲ್ಲ.

ಎಲಿಜಿಬಿಲಿಟಿ ಫಾರಂ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪ್ರಿನ್ಸಿಪಾಲರ ಸಹಿ ಮೊದಲ ವಾರದಲ್ಲೇ ಮುಗಿಯಲಿ. ಇಂಟರ್ನಲ್ಸ್ ವೇಳಾಪಟ್ಟಿಯೂ ಆಗಲೇ ಕೈಯಲ್ಲಿರಲಿ.

ಇನ್ನು ಹಿಂದಿನ ಸಾಲು. ಎಂಟೆಂಟು ಮೀಟರಿನ ಮೂರು ಹತ್ತಿ ಹಗ್ಗ ತೆಗೆದುಕೊಳ್ಳಿ. ನಾಲ್ವರು ಡಿಫೆಂಡರ್‌ಗಳೂ ಅಕ್ಕಪಕ್ಕದವನೊಂದಿಗೆ ಹಗ್ಗದ ತುದಿ ಕೈಯಲ್ಲಿ ಹಿಡಿದು ನಿಲ್ಲಲಿ. ಸೊಂಟಕ್ಕೆ ಕಟ್ಟಬಾರದು, ಒಬ್ಬ ಬಿದ್ದರೆ ಪಕ್ಕದವನನ್ನೂ ಎಳೆಯುತ್ತಾನೆ. ಎದುರಿಗೆ ಗ್ರೌಂಡಿನ ಅಗಲಕ್ಕೆ ಐದು ಕೋನ್, ಪ್ರತಿ ಕೋನ್ ಹತ್ತಿರ ಒಬ್ಬೊಬ್ಬ. ಅವರು ಚೆಂಡನ್ನು ಪಕ್ಕದಿಂದ ಪಕ್ಕಕ್ಕೆ ಆಡಿಸುತ್ತಿದ್ದಂತೆ ಸಾಲು ಸರಿಯಬೇಕು. ಮೊದಲು ನಡಿಗೆ, ಆಮೇಲೆ ಜಾಗಿಂಗ್. ಹಗ್ಗ ಜೋತುಬಿದ್ದರೆ ಇಬ್ಬರೂ ತೀರಾ ಹತ್ತಿರ, ಬಿಗಿದುಕೊಂಡರೆ ನಡುವೆ ಬಾಗಿಲು ತೆರೆದಿದೆ ಎಂದರ್ಥ. ಚೆಂಡು ಬಲ ಅಂಚಿಗೆ ಹೋದಾಗ ಬಲ ಬ್ಯಾಕ್ ಮುಂದೆ ಹೋಗುತ್ತಾನೆ, ಹತ್ತಿರದ ಸ್ಟಾಪರ್ (ನಡುವಿನ ಡಿಫೆಂಡರ್) ಅವನ ಹಿಂದೆ ಐದಾರು ಮೀಟರ್ ಓರೆಯಾಗಿ ನಿಲ್ಲುತ್ತಾನೆ, ಎಡ ಬ್ಯಾಕ್ ದೂರದ ಗೋಲ್ ಕಂಬದ ನೇರಕ್ಕೆ ಒಳಗೆ ಬರುತ್ತಾನೆ.

ಕೆಡುವುದು ಸಾಮಾನ್ಯವಾಗಿ ಆ ಎಡ ಬ್ಯಾಕ್ ಹತ್ತಿರ. ಟರ್ಫ್‌ನಲ್ಲಿ ಬೆನ್ನ ಹಿಂದೆ ಜಾಗವೇ ಇರುವುದಿಲ್ಲ, ಆದ್ದರಿಂದ ಚೆಂಡನ್ನಷ್ಟೇ ನೋಡುವ ಅಭ್ಯಾಸ. ಅಂಚಿನಿಂದ ಬರುವ ಕ್ರಾಸ್ ಅವನ ತಲೆ ಮೇಲೆ ಹಾದು ಹಿಂದಿದ್ದವನಿಗೆ ಬೀಳುತ್ತದೆ. ಎದೆಯನ್ನು ಪೂರ್ತಿ ಚೆಂಡಿನ ಕಡೆ ತಿರುಗಿಸದೆ ಅರ್ಧ ಓರೆಯಾಗಿ ನಿಲ್ಲಿಸಿ, ಪ್ರತಿ ಪಾಸ್‌ಗೂ ಒಮ್ಮೆ ಹೆಗಲ ಮೇಲಿಂದ ಹಿಂದೆ ನೋಡುವಂತೆ ಮಾಡಿ. ಹಿಂದೆ ನಿಂತು ಬೆರಳು ತೋರಿಸಿ, ಎಷ್ಟು ಬೆರಳು ಎಂದು ಅವನಿಂದ ಕೂಗಿಸಿ.

ಮೇಲೆ ಹೋಗುವುದೋ ಹಿಂದೆ ಸರಿಯುವುದೋ ಒಬ್ಬನೇ ಸ್ಟಾಪರ್ ಕೂಗಲಿ. ಚೆಂಡಿದ್ದವನನ್ನು ನಮ್ಮವನೊಬ್ಬ ಒತ್ತುತ್ತಿದ್ದು, ಚೆಂಡಿದ್ದವನ ತಲೆ ಕೆಳಗಿದ್ದರೆ 'ಅಪ್'. ಅಡ್ಡಿಯಿಲ್ಲದೆ ತಲೆ ಎತ್ತಿದರೆ 'ಡ್ರಾಪ್', ಏಕೆಂದರೆ ಲಾಂಗ್ ಬಾಲ್ ಬರುವುದು ಆಗಲೇ. ಹಗ್ಗ ಬಿಡಿಸಿದ ಮೇಲೆ ಆರು ಮಂದಿ ದಾಳಿಕೋರರ ಎದುರು ಇದೇ ನಾಲ್ವರನ್ನು ಆಡಿಸಿ. ಪಂದ್ಯದಲ್ಲಿ ಹಿಂದಿನ ಸಾಲಿಗೂ ಸ್ಟ್ರೈಕರ್‌ಗಳಿಗೂ ಸುಮಾರು 30 ಮೀಟರ್ ಅಂತರ ನನ್ನ ಅಳತೆ. 2023ರ ಸಂತೋಷ್ ಟ್ರೋಫಿ (ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿ) ಫೈನಲ್‌ನಲ್ಲಿ, ಸೌದಿಯ ರಿಯಾದ್‌ನಲ್ಲಿ, ಕರ್ನಾಟಕ ಮೇಘಾಲಯದ ಎದುರು ಮೂರೂ ಗೋಲನ್ನು ಮೊದಲಾರ್ಧದಲ್ಲೇ ಹೊಡೆದು 3-2ರಲ್ಲಿ ಗೆದ್ದಿತು. ದ್ವಿತೀಯಾರ್ಧವಿಡೀ ಲೀಡ್ ಕಾಯುವ ಕೆಲಸ. ಐದು ದಶಕಗಳ ನಂತರ ಕಪ್ ರಾಜ್ಯಕ್ಕೆ ಬಂದದ್ದು ಹಾಗೆ. ಕಾಲೇಜು ಹುಡುಗರಿಗೆ ಆ 45 ನಿಮಿಷ ತೋರಿಸಬೇಕು.

ಥ್ರೋನಲ್ಲಿ ಫೌಲ್ ಆಗುವುದು ಓಡಿಬಂದು ಎಸೆಯುವಾಗ ಹಿಂದಿನ ಕಾಲು ಮೇಲೇಳುವುದರಿಂದ. ಆ ಕಾಲಿನ ಹೆಬ್ಬೆರಳನ್ನು ನೆಲಕ್ಕೆ ಉಜ್ಜಿಕೊಂಡೇ ಎಳೆಯಲು ಹೇಳಿ, ನಿಲ್ಲುತ್ತದೆ. ಥ್ರೋನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ ಅನ್ನುವುದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಒಬ್ಬ ವಿಂಗರ್ ಅದನ್ನು ಕಲಿತರೆ ಸಾಕು.

ಮಣ್ಣಿನ ಗ್ರೌಂಡಿಗೆ ಬೂಟಿನ ಅಡಿಯಲ್ಲಿ ಉದ್ದ ಸ್ಟಡ್ ಬೇಡ. ಕಾಲು ಊರುವುದಿಲ್ಲ, ಪಾದ ಉಳುಕುತ್ತದೆ. ಚಿಕ್ಕ ಗ್ರಿಪ್ಪರ್ ಸಾಕು. ಚೆಂಡಿನ ಗಾಳಿಗೆ ನಿಯಮದ ಮಿತಿ 0.6ರಿಂದ 1.1 ಅಟ್ಮಾಸ್ಫಿಯರ್ (ಹೆಚ್ಚುಕಮ್ಮಿ ಅಷ್ಟೇ ಬಾರ್). ಗಟ್ಟಿ ನೆಲದಲ್ಲಿ 0.7ರ ಸುತ್ತ ಇಟ್ಟರೆ ಪುಟಿತ ಹದವಾಗಿರುತ್ತದೆ. ವಾರ್ಮಪ್‌ಗೆ ಗಾಯ ತಡೆಯಲೆಂದೇ ರೂಪಿಸಿದ ಫಿಫಾ 11+ ವ್ಯಾಯಾಮಗಳನ್ನೇ ಮಾಡಿಸುತ್ತೇನೆ, ಸುಮಾರು 20 ನಿಮಿಷ. ಅದರಲ್ಲಿನ ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ವ್ಯಾಯಾಮವನ್ನು ಪಂದ್ಯದ ದಿನವೂ ಹಿಂದಿನ ದಿನವೂ ಬಿಡಿ, ತೊಡೆ ಹಿಡಿದುಕೊಳ್ಳುತ್ತದೆ.

ಪಂದ್ಯಗಳು ದಿನ ಬಿಡದೆ ಬರುತ್ತವೆ. ಸಂಜೆ ಗೆದ್ದ ಟೀಮಿಗೆ ಅರ್ಧ ಗಂಟೆಯೊಳಗೆ ಬಾಳೆಹಣ್ಣು, ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ, ಆಮೇಲೆ ಹೊಟ್ಟೆ ತುಂಬ ಅನ್ನ. ಮಾರನೇ ಬೆಳಿಗ್ಗೆ ಓಟವಿಲ್ಲ, ನಡಿಗೆ ಮಾತ್ರ.

ಪೆನಾಲ್ಟಿ ಪ್ರಾಕ್ಟೀಸನ್ನು ಸೆಶನ್ ಕೊನೆಗೆ, ಕಾಲು ಸೋತಾಗಲೇ ಇಡಿ. ಹೊಡೆಯುವವರು ನಡು ಗೆರೆಯಿಂದ ಒಬ್ಬೊಬ್ಬರೇ ನಡೆದು ಬರಲಿ. ಮೂಲೆ ಮೊದಲೇ ತೀರ್ಮಾನವಾಗಿರಲಿ. ಒದೆಯುವ ಕ್ಷಣದಲ್ಲಿ ಕೀಪರ್‌ನ ಒಂದು ಪಾದವಾದರೂ ಗೋಲ್ ಗೆರೆಯ ಮೇಲೋ ಹಿಂದೋ ಇರಬೇಕು. ಇದನ್ನು ಪ್ರಾಕ್ಟೀಸ್‌ನಲ್ಲಿ ಸಡಿಲ ಬಿಟ್ಟರೆ, ಪಂದ್ಯದಲ್ಲಿ ಅವನು ತಡೆದ ಪೆನಾಲ್ಟಿಯನ್ನು ರೆಫರಿ ಮತ್ತೆ ಹೊಡೆಸುತ್ತಾರೆ.