ಸೈಟಿಗೆ ಕೊಡುವ ಇಂಟೀರಿಯರ್ ಡ್ರಾಯಿಂಗ್ ಮಾಡೋದು, ಜೋಡಿಸೋದು ಹೇಗೆ?

ಮನೆಯವರಿಗೆ ತೋರಿಸೋ ತ್ರೀಡಿ ಚಿತ್ರ ನೋಡಿಕೊಂಡು ಯಾರೂ ಗೋಡೆ ಕೊರೆಯೋಕಾಗಲ್ಲ, ಪ್ಲೈವುಡ್ ಕತ್ತರಿಸೋಕಾಗಲ್ಲ. ಅದಕ್ಕೆ ವರ್ಕಿಂಗ್ ಡ್ರಾಯಿಂಗ್ ಬೇಕು. ಹಾಳೆ ಹಿಡಿದು ನಿಂತ ಎಲೆಕ್ಟ್ರಿಷಿಯನ್ ಅಥವಾ ಕಾರ್ಪೆಂಟರ್ ನಿಮಗೆ ಫೋನ್ ಮಾಡದೇ ಕೆಲಸ ಮುಂದುವರಿಸಿದರೆ ಆ ಡ್ರಾಯಿಂಗ್ ಚೆನ್ನಾಗಿದೆ ಅಂತ ಅರ್ಥ. ಬೆಂಗಳೂರಿನ ಒಂದು ಮಾಮೂಲಿ ಫ್ಲಾಟ್ ಇಟ್ಟುಕೊಂಡು ಹೇಳುತ್ತೇನೆ, ಇದೇ ಕೆಲಸ ಜಾಸ್ತಿ ಬರೋದು.

ಮೊದಲು ಅಳತೆ. ಬಿಲ್ಡರ್ ಕೊಟ್ಟ ಪ್ಲ್ಯಾನ್ ನಂಬಿ ಗೆರೆ ಎಳೆಯಬೇಡಿ. ಪ್ಲಾಸ್ಟರ್ ಆದಮೇಲೆ ಗೋಡೆ ನೂಲು ಹಿಡಿದಂತೆ ಇರೋದು ಅಪರೂಪ. ವಾರ್ಡ್‌ರೋಬ್ ಕೂರುವ ಜಾಗವನ್ನು ನೆಲದ ಹತ್ತಿರ, ನಡುವೆ, ಮೇಲೆ ಹೀಗೆ ಮೂರು ಕಡೆ ಅಳೆಯಿರಿ. ಕೆಳಗೆ 2410, ನಡುವೆ 2402, ಮೇಲೆ 2395 ಎಂಎಂ ಬಂತು ಅನ್ನಿ. ಚಿಕ್ಕದಾದ 2395 ಹಿಡಿದು, ಎರಡೂ ಬದಿಗೆ ಒಂದಿಷ್ಟು ಫಿಲ್ಲರ್ (ಸಂದು ಮುಚ್ಚುವ ಪಟ್ಟಿ) ಬಿಟ್ಟು ಡಿಸೈನ್ ಮಾಡಿ. ಮೂಲೆಯಿಂದ ಮೂಲೆಗೆ ಕರ್ಣದ ಅಳತೆಯನ್ನೂ ತಗೊಳ್ಳಿ, ಕೋಣೆ ಚೌಕವಾಗಿದೆಯೋ ಸೊಟ್ಟಗಿದೆಯೋ ಅದರಲ್ಲೇ ಗೊತ್ತಾಗುತ್ತೆ. ಬೀಮ್ ಎಷ್ಟು ಕೆಳಗಿದೆ, ಕಿಟಕಿಯ ಸಿಲ್ ಎಷ್ಟು ಎತ್ತರ, ಡಿಬಿ (ಮನೆಯ ಕರೆಂಟಿನ ಎಂಸಿಬಿಗಳಿರುವ ಪೆಟ್ಟಿಗೆ) ಎಲ್ಲಿದೆ, ಕಮೋಡಿನ ಪೈಪ್ ಗೋಡೆಯಿಂದ ಎಷ್ಟು ದೂರ, ಇವನ್ನೆಲ್ಲ ಫೋಟೊ ಸಮೇತ ಬರೆದುಕೊಳ್ಳಿ.

ಇನ್ನೊಂದು ವಿಷಯ ಅಲ್ಲೇ ಕೇಳಿ ತಿಳಿದುಕೊಳ್ಳಬೇಕು: ಗೋಡೆ ಬ್ಲಾಕಿನದೋ, ಕಾಂಕ್ರೀಟಿನದೋ? ಈಗಿನ ಎಷ್ಟೋ ಅಪಾರ್ಟ್‌ಮೆಂಟುಗಳು ಮೈವಾನ್ ಕಟ್ಟಡಗಳು, ಅಂದ್ರೆ ಅಲ್ಯೂಮಿನಿಯಂ ಅಚ್ಚಿಗೆ ಕಾಂಕ್ರೀಟ್ ಸುರಿದು ಗೋಡೆ ಮಾಡಿದಂಥವು. ಅಲ್ಲಿ ಗೋಡೆಯೇ ಕಟ್ಟಡದ ಭಾರ ಹೊರುತ್ತೆ. ಒಡೆಯೋದಂತೂ ಇಲ್ಲವೇ ಇಲ್ಲ, ವೈರಿಗೆ ಅಂತ ಕೊರೆಯೋದೂ ಬೇಡ. ಹೊಸ ಪಾಯಿಂಟ್ ಬೇಕಿದ್ದರೆ ಫಾಲ್ಸ್ ಸೀಲಿಂಗ್ ಮೇಲಿಂದಲೋ ಪ್ಯಾನೆಲಿಂಗ್ ಹಿಂದಿನಿಂದಲೋ ತರಬೇಕು. ಇದು ಮೊದಲೇ ಗೊತ್ತಿರದಿದ್ದರೆ ಇಡೀ ಎಲೆಕ್ಟ್ರಿಕಲ್ ಲೇಔಟ್ ಮತ್ತೆ ಮಾಡಬೇಕಾಗುತ್ತೆ. ಕೈ ಹಚ್ಚಬಾರದ ಗೋಡೆಗಳನ್ನು ಮೊದಲ ಪ್ಲ್ಯಾನಿನಲ್ಲೇ ಗಾಢವಾಗಿ ತುಂಬಿ ತೋರಿಸಿ.

ಈಗ ಹಾಳೆಗಳ ಜೋಡಣೆ. ತುಂಬಾ ಜನ ಕೋಣೆ ಪ್ರಕಾರ ಜೋಡಿಸುತ್ತಾರೆ, ಕಿಚನ್ ಒಂದು ಕಟ್ಟು, ಬೆಡ್‌ರೂಮ್ ಒಂದು ಕಟ್ಟು ಅಂತ. ನನ್ನ ಪ್ರಕಾರ ಪ್ಲ್ಯಾನುಗಳನ್ನು ಕೆಲಸ ಮಾಡುವವರ ಪ್ರಕಾರ ಜೋಡಿಸಬೇಕು, ಯಾಕಂದ್ರೆ ಎಲೆಕ್ಟ್ರಿಷಿಯನ್ ಇಡೀ ಮನೆಗೆ ಒಂದೇ ಸಲ ಪೈಪ್ ಎಳೆಯುತ್ತಾನೆ, ಅವನಿಗೆ ಆರು ಕಟ್ಟು ತಿರುವಿ ಹಾಕೋ ಪುರುಸೊತ್ತು ಇರಲ್ಲ. ಮೊದಲು ಹಾಳೆಗಳ ಪಟ್ಟಿ. ಆಮೇಲೆ ಇರುವ ಸ್ಥಿತಿಯ ಪ್ಲ್ಯಾನ್, ಒಡೆಯುವ ಮತ್ತು ಕಟ್ಟುವ ಗೋಡೆ, ಫರ್ನಿಚರ್ ಲೇಔಟ್, ಫ್ಲೋರಿಂಗ್, ಪ್ಲಂಬಿಂಗ್, ಎಲೆಕ್ಟ್ರಿಕಲ್, ಸೀಲಿಂಗ್. ಇದಾದಮೇಲೆ ಎಲಿವೇಶನ್ (ಗೋಡೆಯನ್ನು ಎದುರಿನಿಂದ ನೋಡಿದ ಚಿತ್ರ) ಮತ್ತು ಮರಗೆಲಸದ ಡೀಟೇಲ್, ಇವು ಮಾತ್ರ ಕೋಣೆವಾರು ಇರಲಿ. ನಂಬರ್ ಕೊಡುವಾಗ ಪ್ಲ್ಯಾನಿಗೆ 100, ಎಲೆಕ್ಟ್ರಿಕಲ್ ಮತ್ತು ಸೀಲಿಂಗಿಗೆ 200, ಎಲಿವೇಶನ್ನಿಗೆ 300, ಡೀಟೇಲಿಗೆ 400 ಅಂತ ಬಿಡಿ. ನಡುವೆ ಹಾಳೆ ಸೇರಿಸಿದರೂ ಮಿಕ್ಕ ನಂಬರ್ ಕೆಡಲ್ಲ.

ಎಲೆಕ್ಟ್ರಿಕಲ್ ಹಾಳೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮಂಚದ ಪಕ್ಕ ಸ್ವಿಚ್ ಅಂತ ಸುಮ್ನೆ ಒಂದು ಚಿಹ್ನೆ ಹಾಕಿದರೆ ಸಾಲದು, ಗೋಡೆ ಕೊರೆಯುವ ದಿನ ಅಲ್ಲಿ ಮಂಚವೇ ಇರಲ್ಲ. ಲೆಕ್ಕ ಹೀಗೆ: ಗೋಡೆ 3050 ಎಂಎಂ. ಹೆಡ್‌ಬೋರ್ಡ್ ಸೇರಿ ಮಂಚದ ಅಗಲ 1930. ಎರಡೂ ಕಡೆ ಮಂಚಕ್ಕೆ ತಾಗಿ 450ರ ಸೈಡ್ ಟೇಬಲ್. ಮಂಚ ಗೋಡೆಯ ನಡುವೆ ಬಂದರೆ, ಸೈಡ್ ಟೇಬಲಿನ ಮಧ್ಯ ಗೋಡೆಯ ಮೂಲೆಯಿಂದ 335 ಎಂಎಂಗೆ ಬೀಳುತ್ತೆ. ಹಾಳೆಯಲ್ಲಿ ಆ 335 ಬರೆಯಿರಿ, ಜೊತೆಗೆ ಎತ್ತರವನ್ನು ಟೈಲ್ಸ್ ಹಾಕಿದ ಮೇಲಿನ ನೆಲದಿಂದ ಬರೆಯಿರಿ. ಎಲ್ಲಾ ಎತ್ತರಗಳೂ ಅದೇ ನೆಲದಿಂದ ಅಂತ ಹಾಳೆಯ ಮೂಲೆಯಲ್ಲೂ ನಮೂದಿಸಿ. 6 ಆಂಪೋ 16 ಆಂಪೋ, ಯಾವ ಸ್ವಿಚ್ ಯಾವ ದೀಪಕ್ಕೆ, ಟೂ-ವೇ (ಒಂದೇ ದೀಪಕ್ಕೆ ಎರಡು ಕಡೆ ಸ್ವಿಚ್) ಎಲ್ಲಿ, ಇಷ್ಟೂ ಅಲ್ಲೇ ಇರಬೇಕು.

ಸೀಲಿಂಗ್ ಹಾಳೆಯಲ್ಲಿ ದೀಪ, ಫ್ಯಾನ್, ಎಸಿ, ಪೆಲ್ಮೆಟ್ (ಪರದೆಯ ರಾಡ್ ಮುಚ್ಚುವ ಪಟ್ಟಿ) ಎಲ್ಲ ಒಟ್ಟಿಗೆ ತೋರಿಸಿ. ಫ್ಯಾನಿನ ಹುಕ್ ಇರುವ ಜಾಗ ಬದಲಾಗಲ್ಲ, ಆದ್ದರಿಂದ ಅದರಿಂದಲೇ ಶುರು ಮಾಡಿ.

ಮರಗೆಲಸಕ್ಕೆ ಎಲಿವೇಶನ್ 1:20 ಸ್ಕೇಲಿನಲ್ಲಿ (ಅಸಲಿನ ಇಪ್ಪತ್ತರಲ್ಲಿ ಒಂದು ಪಾಲು), ಜೋಡಣೆಯ ಡೀಟೇಲ್ 1:5ರಲ್ಲಿ ಸಾಕು. ಹೊರಗಿನ ನೋಟ ಒಂದು, ಶಟರ್ (ಕಪಾಟಿನ ಬಾಗಿಲು) ತೆಗೆದ ಒಳನೋಟ ಒಂದು, ಅಡ್ಡ ಕತ್ತರಿಸಿದ ಸೆಕ್ಷನ್ ಒಂದು, ಮೂರೂ ಬೇಕು. 18 ಎಂಎಂ ಪ್ಲೈಗೆ ಹೊರಗೆ 1 ಎಂಎಂ, ಒಳಗೆ 0.8 ಎಂಎಂ ಲ್ಯಾಮಿನೇಟ್ ಅಂಟಿಸಿದರೆ ಶಟರ್ ದಪ್ಪ ಹತ್ತಿರ ಹತ್ತಿರ 20 ಆಗುತ್ತೆ. ಡ್ರಾಯರ್ ಜಾರುವ ಟೆಲಿಸ್ಕೋಪಿಕ್ ಚಾನೆಲ್ ಪ್ರತಿ ಬದಿಗೆ ಅರ್ಧ ಇಂಚು ತಿನ್ನುತ್ತೆ, ಹಾಗಾಗಿ ಡ್ರಾಯರ್ ಪೆಟ್ಟಿಗೆ ಒಳಗಿನ ಜಾಗಕ್ಕಿಂತ ಸುಮಾರು 26 ಎಂಎಂ ಕಮ್ಮಿ ಇರಬೇಕು. ಕಿಚನ್ನಿಗೆ ಪ್ಲೈ ಯಾವುದು ಅಂತ ಬಾಯಲ್ಲಿ ಹೇಳಬೇಡಿ, ಐಎಸ್ 710 (ಮರೀನ್ ಪ್ಲೈವುಡ್ಡಿನ ಭಾರತೀಯ ಮಾನದಂಡ) ಅಂತ ಹಾಳೆಯಲ್ಲಿ ಬರೆಯಿರಿ. ಪ್ಲೈ ಶೀಟ್ 8 ಅಡಿಗೆ 4 ಅಡಿ, ಶಟರ್ ಎತ್ತರ 8 ಅಡಿ ದಾಟಿದರೆ ಜೋಡು ಎಲ್ಲಿ ಬರಬೇಕು ಅನ್ನೋದು ನೀವೇ ತೀರ್ಮಾನಿಸಿ ಗೆರೆ ಹಾಕಿ.

ನಮ್ಮಲ್ಲಿ ಒಂದೇ ಸೈಟಿನಲ್ಲಿ ಕನ್ನಡ, ತಮಿಳು, ಹಿಂದಿ ಮಾತಾಡುವವರು ಕೆಲಸ ಮಾಡುತ್ತಾರೆ ಅಲ್ವಾ? ಉದ್ದುದ್ದ ಟಿಪ್ಪಣಿಗಿಂತ ಅಂಕಿ, ಬಾಣದ ಗುರುತು, ಸೆಕ್ಷನ್ ಎಲ್ಲರಿಗೂ ಅರ್ಥವಾಗುತ್ತೆ. ಒಂದು ಅಳತೆ ಒಂದೇ ಹಾಳೆಯಲ್ಲಿ ಇರಲಿ. ಎರಡು ಕಡೆ ಬರೆದು, ಒಂದು ಕಡೆ ಮಾತ್ರ ತಿದ್ದಿದರೆ ಅಲ್ಲಿಗೆ ಜಗಳ ಶುರು. ಎ1 ಹಾಳೆಗೆ ಅಂತ ಮಾಡಿದ್ದನ್ನು ಎ3ಗೆ ಇಳಿಸಿ ಪ್ರಿಂಟ್ ತೆಗೆದರೆ 1:50 ಇದ್ದದ್ದು 1:100 ಆಗುತ್ತೆ, ಆದ್ದರಿಂದ ಹಾಳೆಯ ಮೇಲೆ ಟೇಪ್ ಇಟ್ಟು ಅಳೆಯಬೇಡಿ, ಬರೆದ ಅಂಕಿಯನ್ನೇ ನೋಡಿ ಅಂತ ಮೇಸ್ತ್ರಿಗೆ ಮೊದಲೇ ಹೇಳಿಬಿಡಿ.

ತಿದ್ದುಪಡಿ ಆದಾಗಲೆಲ್ಲ ಆರ್1, ಆರ್2 ಅಂತ ನಂಬರ್, ತಾರೀಖು ಹಾಕಿ, ಬದಲಾದ ಜಾಗದ ಸುತ್ತ ಮೋಡದ ಆಕಾರದ ಗೆರೆ ಎಳೆಯಿರಿ. ಮನೆಯವರು ಒಪ್ಪಿದ ಮೇಲಷ್ಟೇ ಜಿಎಫ್‌ಸಿ (ಗುಡ್ ಫಾರ್ ಕನ್‌ಸ್ಟ್ರಕ್ಷನ್, ಅಂದ್ರೆ ಇದರಂತೆ ಕೆಲಸ ಮಾಡಬಹುದು) ಸೀಲ್. ಹೊಸ ಹಾಳೆ ಗೋಡೆಗೆ ಅಂಟಿಸುವಾಗ ಹಳೆಯದನ್ನು ಕಿತ್ತು ವಾಪಸ್ ತನ್ನಿ, ವಾಟ್ಸಾಪಿನಲ್ಲಿ ಕಳಿಸಿದ ಪಿಡಿಎಫ್ ಮಾತ್ರ ನಂಬಿಕೊಂಡರೆ ಯಾರೋ ಒಬ್ಬರು ಹಳೆಯದನ್ನೇ ತೆರೆದು ನೋಡುತ್ತಾರೆ.

ಗೋಡೆ ಮುಚ್ಚುವ ಮೊದಲು ಪೈಪು, ವೈರು ಹೋದ ದಾರಿಯ ಪಕ್ಕ ಟೇಪ್ ಹಿಡಿದು ಫೋಟೊ ತೆಗೆಯಿರಿ. ಸೈಟಿನಲ್ಲಿ ಆದ ಬದಲಾವಣೆಗಳನ್ನು ಹಾಳೆಗೆ ಏರಿಸಿ, ಫೋಟೊಗಳ ಜೊತೆ ಆ ಕೊನೆಯ ಕಟ್ಟನ್ನು ಮನೆಯವರಿಗೆ ಕೊಡಿ. ನಾಳೆ ಅವರು ಗೀಸರ್ ಬದಲಿಸುವಾಗಲೋ ಟಿವಿಗೆ ಡ್ರಿಲ್ ಹಾಕುವಾಗಲೋ ಅದನ್ನೇ ತೆಗೆದು ನೋಡೋದು.